ಇಂದಿನ ಸಂಗೀತ ಕೆಟ್ಟಿದೆ ಎಂದು ನಿಮ್ಮ ಹಳೆಯ ಸಿ.ಡಿ.ಗಳನ್ನು ಕೊಟ್ಟುಬಿಡಬೇಡಿ

ಹೊಸ ಹಾಡುಗಳನ್ನು ಸ್ವಲ್ಪ ಹೊತ್ತು ಕೇಳಿದರೂ ತಲೆ ಸಿಡಿಯುತ್ತದೆ, ಸಂಗೀತದ ಗುಣಮಟ್ಟ ಕುಸಿದಿದೆಯೋ ನನಗೇ ವಯಸ್ಸಾಯಿತೋ ತಿಳಿಯದು, ಹಳೆಯ ಡಿಸ್ಕುಗಳನ್ನು ವಿಲೇವಾರಿ ಮಾಡಿ ಅವೇ ಆಲ್ಬಂಗಳ ರೀಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನೇ ಹೊಸದಾಗಿ ಸಂಸ್ಕರಿಸಿದ) ಆವೃತ್ತಿಗಳನ್ನು ತರಿಸಿಕೊಂಡು ಅವುಗಳಲ್ಲೇ ಇದ್ದುಬಿಡಲೇ ಎಂದು ಕೇಳಿದ್ದೀರಿ. ಕೊನೆಯ ಮಾತನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಇದೇ ದೂರು ನನಗೂ ಇತ್ತು, ಇದೇ ಪರಿಹಾರವನ್ನು ನಾನೂ ಮಾಡಿಕೊಂಡೆ, ಅದರಿಂದ ಕೈಯಲ್ಲಿದ್ದ ಒಳ್ಳೆಯ ಸಂಗ್ರಹವನ್ನೂ ಕಳೆದುಕೊಂಡೆ.

ನನ್ನ ಬಳಿ ಇದ್ದವು ಹೆಚ್ಚಾಗಿ 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಅಚ್ಚಾದ ಸಿ.ಡಿ.ಗಳು. ಹೊಸ ಶತಮಾನದ ಹಾಡುಗಳು ಕಿವಿಗೆ ಒಗ್ಗದೆ ಹೋದಾಗ, ಈಗಿನ ಸಂಯೋಜಕರಲ್ಲಿ ಸರಕಿಲ್ಲ, ಗದ್ದಲವೊಂದೇ ಉಳಿದಿದೆ ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅದೇ ಹೊತ್ತಿಗೆ ಮೆಚ್ಚಿನ ಆಲ್ಬಂಗಳು ‘ಮೂಲ ಟೇಪುಗಳಿಂದ ಹೊಸದಾಗಿ’ ಎಂಬ ಚೀಟಿ ಹೊತ್ತು ಮತ್ತೆ ಬರತೊಡಗಿದವು. ಹಳೆಯ ಡಿಸ್ಕನ್ನೂ ಹೊಸದನ್ನೂ ಒಂದೇ ಹೆಡ್‌ಫೋನಿನಲ್ಲಿ, ವಾಲ್ಯೂಮ್ ಗುಂಡಿಯನ್ನು ಮುಟ್ಟದೆ, ಒಂದರ ಹಿಂದೊಂದು ಕೇಳಿದೆ. ಹೊಸದರಲ್ಲಿ ಬೇಸ್ ತುಂಬಿಕೊಂಡಿತ್ತು, ತಾಳದ ತಟ್ಟೆಗಳು ಥಳಥಳಿಸುತ್ತಿದ್ದವು, ಗಾಯಕಿ ಒಂದು ಹೆಜ್ಜೆ ಮುಂದೆ ಬಂದು ಹಾಡಿದಂತಿತ್ತು. ಇನ್ನೇನು ಅನುಮಾನ? ಹಳೆಯ ಡಿಸ್ಕುಗಳನ್ನು ಕೇಳಿದವರಿಗೆಲ್ಲ ಕೊಟ್ಟು ಕೈ ತೊಳೆದುಕೊಂಡೆ.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಯಾವ ಆಲ್ಬಮನ್ನೂ ಕೊನೆಯವರೆಗೆ ಕೇಳಲಾಗದ ಸ್ಥಿತಿಗೆ ಬಂದಿದ್ದೆ. ಶಬ್ದ ತಗ್ಗಿಸಿದರೆ ಹಾಡು ಸಪ್ಪೆಯಾಗುತ್ತಿತ್ತು, ಏರಿಸಿದರೆ ಕಿವಿ ಸೋಲುತ್ತಿತ್ತು. ಹೆಡ್‌ಫೋನ್ ಬದಲಿಸಿದೆ, ಕಿವಿಯ ಪರೀಕ್ಷೆ ಮಾಡಿಸಿದೆ, ಕೊನೆಗೆ ಸಂಗೀತದ ಹಂಬಲವೇ ನನ್ನಲ್ಲಿ ಬತ್ತಿತೆಂದು ತೀರ್ಮಾನಿಸಿ ಬಹುಕಾಲ ಕೇಳುವುದನ್ನೇ ಬಿಟ್ಟೆ.

ತಪ್ಪು ನಡೆದದ್ದು ಎಲ್ಲಿ ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ನಾಳೆ ಮಾಡಲಿರುವುದೂ ಅದನ್ನೇ. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಅಳತೆಯಲ್ಲಿ ಕೇಳುವುದಿಲ್ಲ. ಶಬ್ದ ಸಣ್ಣದಾಗಿದ್ದಾಗ ಅತಿ ಮಂದ್ರದ ಮತ್ತು ಅತಿ ತಾರದ ಧ್ವನಿಗಳು ಅದಕ್ಕೆ ಕಡಿಮೆ ಕೇಳಿಸುತ್ತವೆ. ಶಬ್ದ ಏರಿದಂತೆ ಆ ಎರಡು ತುದಿಗಳೂ ತುಂಬಿಕೊಳ್ಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ನಕ್ಷೆ ಬರೆದಿಟ್ಟಿದ್ದಾರೆ. ಹಾಗಾಗಿ ಒಂದೇ ಧ್ವನಿಮುದ್ರಣವನ್ನು ಎರಡು ಸಲ ನುಡಿಸಿ, ಎರಡನೆಯದನ್ನು ಒಂದೆರಡು ಡೆಸಿಬೆಲ್ ಮಾತ್ರ ಏರಿಸಿದರೆ, ಕೇಳುವವನು ‘ಇದು ಜೋರಾಗಿದೆ’ ಎನ್ನುವುದಿಲ್ಲ, ‘ಇದು ಚೆನ್ನಾಗಿದೆ’ ಎನ್ನುತ್ತಾನೆ. ನನ್ನ ರೀಮಾಸ್ಟರ್ ಡಿಸ್ಕುಗಳು ಹಳೆಯವಕ್ಕಿಂತ ಹಲವು ಡೆಸಿಬೆಲ್ ಜೋರಾಗಿದ್ದವು. ಗುಂಡಿಯನ್ನು ಮುಟ್ಟದಿರುವುದೇ ನ್ಯಾಯವಾದ ಪರೀಕ್ಷೆ ಎಂದು ನಾನು ನಂಬಿದ್ದೆ, ಆದರೆ ಗುಂಡಿ ಮುಟ್ಟದಿದ್ದುದರಿಂದಲೇ ಪರೀಕ್ಷೆ ಕೆಟ್ಟಿತು. ಜೋರಾಗಿದ್ದುದನ್ನು ಅಷ್ಟೇ ತಗ್ಗಿಸಿ, ಗಾಯಕಿಯ ಧ್ವನಿ ಎರಡರಲ್ಲೂ ಸಮನಾಗಿ ಕೇಳುವಂತೆ ಹೊಂದಿಸಿಕೊಂಡು, ಆಮೇಲೆ ಹೋಲಿಸಬೇಕಿತ್ತು. ಅದೂ ಅರ್ಧ ನಿಮಿಷದ ತುಣುಕನ್ನಲ್ಲ, ಇಡೀ ಆಲ್ಬಮನ್ನು, ಏಕೆಂದರೆ ಕಿವಿಯ ದಣಿವು ಅರ್ಧ ನಿಮಿಷದಲ್ಲಿ ಗೊತ್ತಾಗುವಂಥದ್ದಲ್ಲ.

ಆ ಜೋರು ಬಂದದ್ದು ಹೇಗೆ? ಡಿಜಿಟಲ್ ಧ್ವನಿಗೆ ಒಂದು ಮೇಲ್ಮಿತಿ ಇದೆ, ಅದರಾಚೆ ಏನನ್ನೂ ಏರಿಸಲಾಗದು. ಹಾಡಿನಲ್ಲಿ ಆ ಮಿತಿಯನ್ನು ಮೊದಲು ಮುಟ್ಟುವುದು ಸಾಮಾನ್ಯವಾಗಿ ಡ್ರಮ್ಮಿನ ಪೆಟ್ಟು. ಲಿಮಿಟರ್ ಎಂಬ ಸಾಧನ ಆ ಪೆಟ್ಟಿನ ತುದಿಯನ್ನು ಅದುಮುತ್ತದೆ. ಮೇಲೆ ಜಾಗ ಸಿಕ್ಕ ಕೂಡಲೇ ಉಳಿದುದೆಲ್ಲವನ್ನೂ ಏರಿಸಬಹುದು. 1994ರಲ್ಲಿ ಬಂದ ವೇವ್ಸ್ ಎಲ್1ನಂಥ ಡಿಜಿಟಲ್ ಲಿಮಿಟರುಗಳಿಂದ ಈ ಕೆಲಸ ತೀರಾ ಸುಲಭವಾಯಿತು, ನನ್ನ ಹಾಡು ನಿನ್ನದಕ್ಕಿಂತ ಜೋರಾಗಿ ಕೇಳಬೇಕು ಎಂಬ ಪೈಪೋಟಿಯೂ ಬಿರುಸಾಯಿತು. ಹದಿನಾರು ಬಿಟ್ಟಿನ ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್‌ಗಳಷ್ಟು ಏರಿಳಿತಕ್ಕೆ ಅವಕಾಶವಿರುವಾಗ, ಎಷ್ಟೋ ಆಲ್ಬಂಗಳು ಮೇಲಿನ ಕೆಲವೇ ಡೆಸಿಬೆಲ್‌ಗಳಲ್ಲಿ ಇಕ್ಕಟ್ಟಾಗಿ ಕುಳಿತವು.

ನಾನು ಕೊಟ್ಟಿದ್ದ ಡಿಸ್ಕುಗಳಲ್ಲಿ ಒಂದು ಗೆಳೆಯನೊಬ್ಬನ ಬಳಿ ಉಳಿದಿತ್ತು. ಅದನ್ನು ಎರವಲು ತಂದು, ಅದೇ ಹಾಡಿನ ಎರಡೂ ಆವೃತ್ತಿಗಳನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಕೆಳಗೊಂದು ತೆರೆದೆ. ಹಳೆಯದರಲ್ಲಿ ಪ್ರತಿ ಪೆಟ್ಟೂ ಮೊನಚಾಗಿ ಮೇಲೆದ್ದು, ನಡುವೆ ಖಾಲಿ ಜಾಗ ಬಿಟ್ಟು ನಿಂತಿತ್ತು. ಹೊಸದು ಬೇಲಿ ಕತ್ತರಿಯಲ್ಲಿ ಸವರಿದ ಗಿಡಗಳ ಸಾಲಿನಂತೆ ಮೇಲೂ ಕೆಳಗೂ ಸಪಾಟಾಗಿತ್ತು. ಹಿಗ್ಗಿಸಿ ನೋಡಿದಾಗ ಅಲೆಯ ತುದಿಗಳು ಅಕ್ಷರಶಃ ಅಡ್ಡಗೆರೆಗಳಾಗಿದ್ದವು. ಧ್ವನಿಯನ್ನು ಸಮಗೊಳಿಸಿ ಕೇಳಿದರೆ ಹಳೆಯದರಲ್ಲಿ ಕೋಲು ಚರ್ಮಕ್ಕೆ ಬಡಿದ ಕ್ಷಣವೂ ಆಮೇಲಿನ ಅನುರಣನವೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತಿದ್ದವು. ಹೊಸದರಲ್ಲಿ ಬಡಿತವಿರಲಿಲ್ಲ, ಅನುರಣನ ಮಾತ್ರ ಇತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತಲೆ ಸಿಡಿಸುತ್ತಿರುವುದು ಹಾಡು ಹುಟ್ಟಿದ ಇಸವಿಯಲ್ಲ, ಅದನ್ನು ಅದುಮಿದ ರೀತಿ; ಅದಕ್ಕಾಗಿ ಇಂದಿನ ಸಂಯೋಜಕರನ್ನು ದೂರುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಗುತ್ತದೆ. 2008ರಲ್ಲಿ ಮೆಟಾಲಿಕಾ ಎಂಬ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಬಂದಾಗ, ಅದರ ಸಿ.ಡಿ.ಗಿಂತ ಅವೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಆಟದಲ್ಲಿ ಸ್ವಚ್ಛವಾಗಿ ಕೇಳುತ್ತವೆ ಎಂದು ಅಭಿಮಾನಿಗಳೇ ಪತ್ತೆ ಹಚ್ಚಿ ಗಲಾಟೆ ಮಾಡಿದರು. ತಂಡ ಅದೇ, ಹಾಡು ಅದೇ, ನುಡಿಸಿದ ಕೈಗಳೂ ಅವೇ. ವ್ಯತ್ಯಾಸವಿದ್ದುದು ಮಾಸ್ಟರಿಂಗ್ ಎಂಬ ಕೊನೆಯ ಹಂತದ ಸಂಸ್ಕರಣೆಯಲ್ಲಿ.

ಸಂಯೋಜನೆಯೇ ಸೊರಗಿದೆ ಎನ್ನುವವರ ವಾದದಲ್ಲಿ ಹುರುಳಿಲ್ಲ ಎಂದಲ್ಲ. 1955ರಿಂದ 2010ರವರೆಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಧ್ವನಿಮುದ್ರಣಗಳನ್ನು ಗಣಕದಿಂದ ಪರಿಶೀಲಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸ್ವರಗಳ ನಡೆಯಲ್ಲಿ ವೈವಿಧ್ಯ ಕಡಿಮೆಯಾಗಿದೆ, ನಾದದ ಬಣ್ಣಗಳು ಹೆಚ್ಚುಹೆಚ್ಚು ಏಕರೂಪವಾಗಿವೆ, ಶಬ್ದ ಏರುತ್ತಲೇ ಬಂದಿದೆ ಎಂದು ಅದು ಹೇಳಿತು. ಇದನ್ನು ನಾನು ಒಪ್ಪುತ್ತೇನೆ. ಆದರೆ ಸರಾಸರಿಯನ್ನು ಯಾರೂ ಕುಳಿತು ಕೇಳುವುದಿಲ್ಲ. ಹಾಡು ಕೇಳಿಸುವ ಆ್ಯಪ್ ಆದ ಸ್ಪಾಟಿಫೈನಲ್ಲಿ ಹಾಡು ಮೂವತ್ತು ಸೆಕೆಂಡು ನಡೆದರೆ ಮಾತ್ರ ಅದು ಒಂದು ಕೇಳುವಿಕೆ ಎಂದು ಲೆಕ್ಕಕ್ಕೆ ಸೇರುತ್ತದೆ; ಆದ್ದರಿಂದ ದೀರ್ಘ ಆರಂಭವಾದ್ಯಗಳು ಕರಗಿ ಪಲ್ಲವಿ ಬೇಗ ಬರುವುದು ನನಗೂ ಬೇಸರದ ಸಂಗತಿಯೇ. ಹಾಗೆಂದು ಮಾಧ್ಯಮದ ಅಳತೆಗೆ ಹಾಡು ತಲೆಬಾಗಿದ್ದು ಇದೇ ಮೊದಲಲ್ಲ. ಹತ್ತು ಅಂಗುಲದ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು, ನಾವು ಹೊಗಳುವ ಹಳೆಯ ಹಾಡುಗಳ ಅಚ್ಚುಕಟ್ಟುತನದಲ್ಲಿ ಆ ಇಕ್ಕಟ್ಟಿನ ಪಾಲೂ ಇದೆ. ಜನಪ್ರಿಯ ಹಾಡುಗಳೆಲ್ಲ ಒಂದೇ ಅಚ್ಚಿನವು ಎಂದು ತತ್ತ್ವಜ್ಞಾನಿ ಅಡೋರ್ನೊ 1941ರಲ್ಲೇ ಬರೆದಿದ್ದ; ಅವನು ಬಯ್ದ ಕಾಲವನ್ನು ಇಂದು ಸುವರ್ಣಯುಗ ಎನ್ನುವವರಿದ್ದಾರೆ. ಆ ಕಾಲದ ಕಳಪೆ ಹಾಡುಗಳನ್ನು ಯಾರೂ ಮತ್ತೆ ಅಚ್ಚು ಹಾಕಿಸದ ಕಾರಣ ಅವು ನಮ್ಮ ಕಿವಿಗೆ ಬೀಳುವುದೇ ಇಲ್ಲ. ವಯಸ್ಸಿನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ನೀವೂ ಕೊಡಬೇಡಿ.

ಇನ್ನು ಮಾಡಬೇಕಾದುದು. ಹೊಸ ಹಾಡುಗಳನ್ನು ಬಿಡಬೇಡಿ, ಆ್ಯಪು ತಾನಾಗಿ ನುಡಿಸುವ ಪಟ್ಟಿಯನ್ನು ಬಿಡಿ. ನಿಮಗೆ ಇಷ್ಟವಾಗುವ ವಾದ್ಯ ಯಾವುದೋ ಅದನ್ನು ನುಡಿಸುವ ಇಂದಿನ ತಂಡವೊಂದನ್ನು ನೀವೇ ಹುಡುಕಿ, ಅದರ ಒಂದು ಆಲ್ಬಮನ್ನು ಪೂರ್ತಿ ಕೇಳಿ. ಶಬ್ದವನ್ನು ಸಮಗೊಳಿಸುವ ಆಯ್ಕೆ ಆ್ಯಪಿನಲ್ಲಿ ಇರುತ್ತದೆ, ಅದನ್ನು ಚಾಲೂ ಇಡಿ. ಸ್ಪಾಟಿಫೈ ಸಾಮಾನ್ಯವಾಗಿ, ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನದಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಎಲ್ಲ ಹಾಡುಗಳನ್ನೂ ಹೊಂದಿಸುವುದರಿಂದ, ಅದುಮಿ ಜೋರು ಮಾಡಿದ ಹಾಡಿಗೆ ಅಲ್ಲಿ ಯಾವ ಲಾಭವೂ ಇಲ್ಲ. ಇದನ್ನು ಅರಿತು ಉಸಿರಾಡಲು ಜಾಗ ಬಿಟ್ಟು ಮಾಸ್ಟರ್ ಮಾಡುವವರು ಇಂದು ಇದ್ದಾರೆ. ಅದುಮಿದ ನಾದವನ್ನೇ ಇಷ್ಟಪಟ್ಟು ಹಾಗೆ ಮಾಡುವವರೂ ಇದ್ದಾರೆ, ಕೆಲವು ಬಗೆಯ ಸಂಗೀತಕ್ಕೆ ಅದು ಒಪ್ಪುತ್ತದೆ ಕೂಡ. ಒಂದು ಮಾತು ನೆನಪಿರಲಿ: ಸಮಗೊಳಿಸುವಿಕೆ ಶಬ್ದವನ್ನು ತಗ್ಗಿಸುತ್ತದೆಯೇ ಹೊರತು ಕತ್ತರಿಸಿಹೋದ ತುದಿಗಳನ್ನು ಮರಳಿ ತರುವುದಿಲ್ಲ.

ಹಳೆಯ ಆಲ್ಬಂಗಳ ವಿಷಯದಲ್ಲಂತೂ ಯಾವುದನ್ನೂ ಅವಸರದಲ್ಲಿ ಕೊಳ್ಳಬೇಡಿ, ಅದಕ್ಕಿಂತ ಮುಖ್ಯವಾಗಿ ಯಾವುದನ್ನೂ ಕೊಡಬೇಡಿ. ರೀಮಾಸ್ಟರುಗಳೆಲ್ಲ ಕೆಟ್ಟವಲ್ಲ, ಸಿ.ಡಿ.ಯ ಆರಂಭದ ದಿನಗಳಲ್ಲಿ ಎಲ್‌.ಪಿ.ಗೆಂದು ಸಿದ್ಧಪಡಿಸಿದ ಟೇಪಿನಿಂದಲೇ ಅಚ್ಚಾದ, ನಾದ ತೆಳುವಾಗಿರುವ ಡಿಸ್ಕುಗಳೂ ಇವೆ, ಅಂಥವಕ್ಕೆ ಹೊಸ ಆವೃತ್ತಿಯೇ ಮೇಲು. ಡೈನಮಿಕ್ ರೇಂಜ್ ಡೇಟಾಬೇಸ್ ಎಂಬ ಜಾಲತಾಣದಲ್ಲಿ ಒಂದೇ ಆಲ್ಬಮಿನ ಬೇರೆಬೇರೆ ಆವೃತ್ತಿಗಳ ಏರಿಳಿತದ ಅಂಕಗಳನ್ನು ಕೇಳುಗರೇ ಅಳೆದು ಹಾಕಿರುತ್ತಾರೆ; ಅಂಕ ಹೆಚ್ಚಿದ್ದಷ್ಟೂ ಏರಿಳಿತ ಹೆಚ್ಚು. ನಿಮ್ಮ ಬಳಿ ಇರುವುದು 13, 14ರ ಆಸುಪಾಸಿನದಾಗಿದ್ದು, ತರಿಸಬೇಕೆಂದಿರುವುದು 6, 7ರದಾಗಿದ್ದರೆ, ಹಣವನ್ನು ಹೊಸ ತಂಡವೊಂದರ ಆಲ್ಬಮಿಗೆ ಹಾಕಿ.