ಮಗ್ಗದ ಬಳಿ ಉಳಿದ ಪ್ರಶ್ನೆ

ಗುಳೇದಗುಡ್ಡದಿಂದ ಓದುಗರೊಬ್ಬರು ಬರೆದಿದ್ದಾರೆ: "ನಾನು ಖಣ ನೇಯುವವನು, ಏಳನೆಯ ತರಗತಿಯವರೆಗೆ ಓದಿದವನು. ಮಕ್ಕಳಿಗೆ ವಿಶ್ವಾಸ ಕಲಿಸುವುದು ತಂದೆಯ ಹೊಣೆ ಎಂದು ಪಾಸ್ಟರ್ ಹೇಳುತ್ತಾರೆ. ಕಳೆದ ತಿಂಗಳು ನನ್ನ ತಾಯಿ ತೀರಿಕೊಂಡರು. 'ಅಜ್ಜಿಗಾಗಿ ದಿನಾಲೂ ಪ್ರಾರ್ಥಿಸಿದೆವಲ್ಲ, ದೇವರು ಕೇಳಲಿಲ್ಲವೇ?' ಎಂದು ಹನ್ನೊಂದು ವರ್ಷದ ಮಗ ಕೇಳಿದ. ಹಾಗೆಲ್ಲ ಮಾತನಾಡಬಾರದು ಎಂದು ಗದರಿದೆ. ಈಗ ಅವನು ಪ್ರಾರ್ಥನೆಗೆ ಕೂರುತ್ತಾನೆ, ಆದರೆ ತುಟಿ ಬಿಚ್ಚುವುದಿಲ್ಲ. ನನ್ನಂಥವನು ಏನು ಕಲಿಸಲಿ?"

ಸಹೋದರರೇ,

ತಾಯಿಯನ್ನು ಕಳೆದುಕೊಂಡ ದುಃಖದ ನಡುವೆಯೂ ಮಗನ ಮೌನ ನಿಮಗೆ ಕೇಳಿಸಿದೆ. ಅದನ್ನು ಓದಿ ನನ್ನ ಮನಸ್ಸು ಕರಗಿತು.

ನಿಮ್ಮ ಮಗ ದೇವರನ್ನು ನಿಂದಿಸಲಿಲ್ಲ. 13ನೆಯ ಕೀರ್ತನೆ ಶುರುವಾಗುವುದೇ ಅಂಥ ಪ್ರಶ್ನೆಯಿಂದ: ಇನ್ನೂ ಎಷ್ಟರವರೆಗೆ ನನ್ನನ್ನು ಮರೆತಿರುವೆ? ಶಿಲುಬೆಯ ಹಿಂದಿನ ರಾತ್ರಿ ಯೇಸು ಸ್ವಾಮಿ ಗೆತ್ಸೆಮನೆ ತೋಟದಲ್ಲಿ, ಸಂಕಟದ ಪಾತ್ರೆ ತನ್ನನ್ನು ಬಿಟ್ಟುಹೋಗಲಿ ಎಂದು ಮೂರು ಬಾರಿ ಬೇಡಿಕೊಂಡರೂ ಅದು ಆತನನ್ನು ಬಿಟ್ಟುಹೋಗಲಿಲ್ಲ. ಇದನ್ನು ಮಗನಿಗೆ ಹೇಳಿ. ಅದಕ್ಕೂ ಮೊದಲು, "ಅಂದು ಗದರಿದ್ದು ನನ್ನ ತಪ್ಪು. ನನಗೂ ಉತ್ತರ ಗೊತ್ತಿಲ್ಲ, ನನಗೂ ಅವ್ವ ಬೇಕಾಗಿದ್ದಳು" ಎನ್ನಿ. ತಂದೆ ಮಗನ ಕ್ಷಮೆ ಕೇಳುವುದು ನಮ್ಮ ಕಡೆ ರೂಢಿಯಲ್ಲಿಲ್ಲ, ಬಲ್ಲೆ. ಆದರೂ ಕೇಳಿ. ಮಕ್ಕಳನ್ನು ಕೆಣಕಬೇಡಿರಿ ಎಂದು ಪೌಲನು ಎಫೆಸದವರಿಗೆ ಬರೆದದ್ದು ತಂದೆಗಳನ್ನೇ ಕುರಿತು.

ನನ್ನ ತಂದೆ ವಿಜಯಪುರದಲ್ಲಿ ಜೋಳದ ಅಂಗಡಿ ಇಟ್ಟಿದ್ದರು. ಒಂದು ಮಧ್ಯಾಹ್ನ, ಮುದುಕಿಯೊಬ್ಬಳಿಗೆ ತೂಕ ಕಡಿಮೆಯಾಗಿದೆಯೆಂದು ಅವಳು ಹೋದ ಮೇಲೆ ತಿಳಿಯಿತು. ಚೀಲ ಹಿಡಿದು, ನನ್ನನ್ನೂ ಕರೆದುಕೊಂಡು, ಗೋಳಗುಮ್ಮಟದ ಆಚೆಯವರೆಗೂ ನಡೆದರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಎಂಬ ಜ್ಞಾನೋಕ್ತಿಯನ್ನು ಸಂಡೇ ಸ್ಕೂಲಿನಲ್ಲಿ ಒಪ್ಪಿಸಿ ಬಹುಮಾನ ಪಡೆದಿದ್ದೆ. ಅದರ ಬಿಸಿ ತಟ್ಟಿದ್ದು ಆ ಉರಿಬಿಸಿಲಿನಲ್ಲಿ. ಅಪ್ಪನೂ ಹೆಚ್ಚು ಓದಿದವರಲ್ಲ.

ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ತೆರೆಯಿರಿ. ದೇವರ ಮಾತುಗಳನ್ನು ಮಕ್ಕಳಿಗೆ ಕಲಿಸುವ ಹೊತ್ತುಗಳನ್ನು ಅಲ್ಲಿ ಹೇಳಿದೆ: ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಅದರಲ್ಲಿ ಬೋಧಪೀಠದ ಮಾತೇ ಇಲ್ಲ. ಶಾಲೆಯಿಂದ ಬಂದ ಮಗ ಮಗ್ಗದ ಗುಣಿಯ ಅಂಚಿನಲ್ಲಿ ಬಂದು ಕೂರುವ ಹೊತ್ತು ನಿಮ್ಮದು. ಯೋಬನ ಗ್ರಂಥದ 7ನೆಯ ಅಧ್ಯಾಯವನ್ನು ಅವನಿಂದಲೇ ಓದಿಸಿ. ತನ್ನ ದಿನಗಳು ಲಾಳಿಗಿಂತ ವೇಗವಾಗಿ ಓಡುತ್ತಿವೆ ಎಂದು ಯೋಬನು ಅಳುತ್ತಾನೆ. ಲಾಳಿಯ ಓಟ ನನಗಿಂತ ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತು.

ಪತ್ರದಲ್ಲಿ ನಿಮ್ಮ ಪತ್ನಿಯ ಮಾತು ಎಲ್ಲೂ ಬರಲಿಲ್ಲ. ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಪೌಲನ ಶಿಷ್ಯ ತಿಮೊಥೆಯನ ತಂದೆ ಯೆಹೂದ್ಯನಲ್ಲದ ಗ್ರೀಕನು. ಅವನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ನೆಲೆಸಿತ್ತೆಂದು ಪೌಲನು ನೆನೆಯುತ್ತಾನೆ. ನಿಮ್ಮ ಮಗನಿಗೂ ಒಬ್ಬ ಅಜ್ಜಿ ಇದ್ದಳು. ಅವಳು ಯಾವ ಕೀರ್ತನೆ ಹಾಡುತ್ತಿದ್ದಳು, ಯಾರಿಗಾಗಿ ಬೇಡುತ್ತಿದ್ದಳು ಎಂಬುದನ್ನು ಅವನಿಗೆ ಹೇಳಿ. ಪ್ರಾರ್ಥನೆಯಲ್ಲಿ ಬಾಯಿ ಬಿಡೆಂದು ಒತ್ತಾಯಿಸಬೇಡಿ. ಅಜ್ಜಿಯನ್ನು ಕೊಟ್ಟದ್ದಕ್ಕಾಗಿ ದೇವರಿಗೆ ಸ್ತೋತ್ರ ಹೇಳುವಾಗ ನಿಮಗೆ ಅಳು ಬಂದರೆ, ಅವನೆದುರಿಗೇ ಅತ್ತುಬಿಡಿ.

ಸಂಪಾದಕ