ಕಂಡದ್ದೆಷ್ಟು, ಕೇಳಿದ್ದೆಷ್ಟು

ಅಪಘಾತ ಕಂಡವರು ನಿದ್ದೆಗೆಟ್ಟು ನನ್ನ ಹತ್ತಿರ ಆಪ್ತಸಲಹೆಗೆ ಬಂದರೆ ಭಯವೇ ಕಾರಣ ಅನ್ನಿಸುತ್ತದೆ. ಆದರೆ ಎಷ್ಟೋ ಜನರನ್ನು ಕೊರೆಯುವುದು ತಾವು ಪೊಲೀಸರಿಗೆ ಕೊಟ್ಟ ಹೇಳಿಕೆ. ಇಂಥ ಪ್ರಕರಣಗಳು ಪದೇ ಪದೇ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಒಂದನ್ನು ಬರೆಯುತ್ತಿದ್ದೇನೆ.

ತುಮಕೂರಿನ ಹತ್ತಿರ ಹೆದ್ದಾರಿ ಪಕ್ಕ ಟೀ ಅಂಗಡಿ ಇಟ್ಟಿರುವ ಹೆಂಗಸು. ಅಂಗಡಿ ಮುಂದೆಯೇ ಲಾರಿಗೆ ಬೈಕ್ ಡಿಕ್ಕಿಯಾಗಿ ಹುಡುಗನೊಬ್ಬ ತೀರಿಕೊಂಡ. 'ಬೈಕಿನವನು ಫೋನಲ್ಲಿ ಮಾತಾಡ್ತಿದ್ದ' ಎಂದು ಪೊಲೀಸರಿಗೆ ಹೇಳಿದ್ದರು. ಐದು ವಾರದ ಮೇಲೆ ಹುಡುಗನ ತಾಯಿ ಬಂದು, 'ನೀನೇ ಕಣ್ಣಾರೆ ಕಂಡ್ಯೇನಮ್ಮ?' ಅಂದರು. ಅವತ್ತಿನಿಂದ ನಿದ್ದೆಯಿಲ್ಲ.

ಎರಡನೇ ಭೇಟಿಯಲ್ಲಿ ಫೋನಿನ ಮಾತನ್ನೇ ಎತ್ತದೆ, ಹಾಳೆ ಕೊಟ್ಟು ಅಂಗಡಿಯ ನಕ್ಷೆ ಬರೆಸಿದೆ. ರಸ್ತೆ ಯಾವ ಕಡೆ? ಸ್ಟೌ ಎಲ್ಲಿ? ಸ್ಟೌ ಹಿಂದಿನ ಗೋಡೆಗೆ ಬಂತು. ಕೈಯಲ್ಲಿ ಏನಿತ್ತು ಅಂದಾಗ, 'ಟೀ ಸೋಸ್ತಿದ್ದೆ. ಧಡ್ ಅಂತು, ತಿರುಗಿದೆ, ಅಷ್ಟೊತ್ತಿಗೆ ಅವನು ಕೆಳಗೆ ಬಿದ್ದಿದ್ದ' ಅಂದರು. ಪೆನ್ನು ಅಲ್ಲೇ ನಿಂತಿತು. ತುಸು ಹೊತ್ತಾದ ಮೇಲೆ, 'ಮೇಡಂ, ಹಂಗಾದ್ರೆ ಫೋನ್ ನಾನ್ ಯಾವಾಗ ನೋಡ್ದೆ?'

ನಾನು ಉತ್ತರ ಕೊಡಲಿಲ್ಲ. 'ನೀವು ನೋಡಿಲ್ಲ' ಅಂದಿದ್ದರೆ ಅದೂ ಇನ್ನೊಬ್ಬರ ಮಾತಾಗಿ ನೆನಪಿಗೆ ಸೇರುತ್ತಿತ್ತು. ಅವರೇ ನೆನೆಸಿಕೊಂಡರು. ಪೊಲೀಸರು ಬರುವ ತನಕ ಅರ್ಧ ಗಂಟೆ ಪಂಕ್ಚರ್ ಅಂಗಡಿಯವನು, ಆಟೋದವರು ಆ ಫೋನಿನ ಮಾತನ್ನೇ ಆಡಿಕೊಳ್ಳುತ್ತಿದ್ದರು.

ಇದು ಸುಳ್ಳು ಹೇಳಿದ್ದಲ್ಲ. ಚಿತ್ರ ನೆನಪಿನಲ್ಲಿ ಉಳಿಯುವಷ್ಟು ಗಟ್ಟಿಯಾಗಿ ಅದು ಕಣ್ಣಿಂದ ಬಂತೋ ಕಿವಿಯಿಂದ ಬಂತೋ ಎನ್ನುವುದು ಉಳಿಯುವುದಿಲ್ಲ. 2003ರಲ್ಲಿ ಮನೋವಿಜ್ಞಾನಿ ಫಿಯೋನಾ ಗ್ಯಾಬರ್ಟ್ ಮತ್ತು ಜೊತೆಗಾರರು ಒಂದೇ ಘಟನೆಯನ್ನು ಎರಡು ಕೋನದಿಂದ ವಿಡಿಯೋ ಮಾಡಿ, ಇಬ್ಬರಿಗೆ ಬೇರೆ ಬೇರೆ ತೋರಿಸಿ, ಮಾತಾಡಿಕೊಳ್ಳಲು ಬಿಟ್ಟರು. ಹಾಗೆ ಮಾತಾಡಿಕೊಂಡವರಲ್ಲಿ 71% ಜನ, ತಮ್ಮ ವಿಡಿಯೋದಲ್ಲಿ ಇಲ್ಲದ ಒಂದಾದರೂ ಸಂಗತಿಯನ್ನು ಆಮೇಲೆ ತಮ್ಮ ಹೇಳಿಕೆಯಲ್ಲಿ ಸೇರಿಸಿದ್ದರು. ಹೇಳಿದ್ದನ್ನೇ ಹೇಳುತ್ತಾ ಹೋದರೆ ತಾನೇ ಕಂಡೆ ಎಂಬ ನಂಬಿಕೆಯೂ ಬಲಿಯುತ್ತದೆ. ಅಪಾಯ ಇರುವುದು ಅಲ್ಲಿ.

ಹಾಳೆಯಲ್ಲಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಭಾಗ ಮಾಡಿ, ಯಾರನ್ನೂ ಕೇಳದೆ ಒಬ್ಬರೇ ಕೂತು ಬರೆದು ತಾರೀಖು ಹಾಕಲು ಹೇಳಿದೆ. 'ಫೋನ್' ಎರಡನೇ ಭಾಗಕ್ಕೆ ಹೋಯಿತು. ಪಂಕ್ಚರ್ ಅಂಗಡಿಯವನ ಹತ್ತಿರ ಸರಿಯೋ ತಪ್ಪೋ ಕೇಳಲು ಹೋಗಬೇಡಿ, ತನಿಖಾಧಿಕಾರಿಗೇ ಹೇಳಿ ಅಂದೆ. ಸಾಕ್ಷಿಯನ್ನು ಕೆಡಿಸಿದಿರಿ ಎಂದು ಆಕ್ಷೇಪಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರೀ ಕೇಳಿದ ಮಾತಿನ ಮೇಲೆ ಸವಾರನದೂ ತಪ್ಪಿದೆ ಎಂದಾದರೆ ಅವನ ಮನೆಯವರ ಪರಿಹಾರ ಕಡಿತವಾಗುತ್ತದೆ. ಫೋನ್ ಇದ್ದದ್ದೇ ನಿಜವಾದರೆ ಕರೆಯ ದಾಖಲೆಯಲ್ಲಿ ಹುಡುಕಬಹುದು.

ನೀವೇ ಅಂಥ ಜಾಗದಲ್ಲಿದ್ದರೆ, ಗಾಯಾಳುವಿಗೆ 108 ಕರೆ ಮಾಡಿದ ಮೇಲೆ ಗುಂಪಿನಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದು, ಎಲ್ಲಿ ನಿಂತಿದ್ದಿರಿ, ಮೊದಲು ಶಬ್ದವೋ ನೋಟವೋ ಎನ್ನುವುದನ್ನು ಬರೆದಿಟ್ಟುಕೊಳ್ಳಿ. ನೀವು ಕಾಣದ್ದರ ಬಗ್ಗೆ ಯಾರಾದರೂ ಪ್ರಶ್ನಿಸಿದರೆ 'ನಾನು ನೋಡಿಲ್ಲ' ಅನ್ನಿ.