ಮಾಂಟ್‌ಸೆರಾಟ್ ಖಾಲಿ ಮಾಡಿಸಬೇಕೇ?

ಓದುಗರೊಬ್ಬರ ಪತ್ರ: "ಕೆರಿಬಿಯನ್ ಸಮುದ್ರದಲ್ಲಿ ಬ್ರಿಟನ್ನಿನ ಅಧೀನದಲ್ಲಿರುವ ಮಾಂಟ್‌ಸೆರಾಟ್ ಬಗ್ಗೆ ಓದಿದೆ. ಅರ್ಧ ದ್ವೀಪವನ್ನು ಜ್ವಾಲಾಮುಖಿ ನುಂಗಿದೆ. ಜನ ಐದು ಸಾವಿರವೂ ಇಲ್ಲ. ಬ್ರಿಟನ್ ಅಲ್ಲಿ ಸುಮ್ನೆ ದುಡ್ಡು ಸುರಿಯುವ ಬದಲು ಎಲ್ಲರನ್ನೂ ತನ್ನಲ್ಲಿಗೆ ಕರೆಸಿಕೊಳ್ಳಬಾರದೇ?"

ನಿಮ್ಮ ಲೆಕ್ಕ ತಪ್ಪಲ್ಲ. ಅಲ್ಲಿನ ಸರ್ಕಾರದ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲಂಡನ್ನಿನಿಂದಲೇ ಬರುತ್ತದೆ. ಆದರೆ ಇಷ್ಟೆಲ್ಲ ಓದಿಕೊಂಡ ನೀವು ಅಲ್ಲಿಗೇ ನಿಲ್ಲಿಸಿದಿರಲ್ಲ, ಬೇಸರವಾಯಿತು.

ಆ ಜನ ಕೈಚಾಚಿ ಕೂತವರಲ್ಲ. 1989ರಲ್ಲಿ ಹ್ಯೂಗೋ ಚಂಡಮಾರುತ ಮನೆಗಳ ಮಾಡು ಹಾರಿಸಿತು. ಮತ್ತೆ ಕಟ್ಟಿಕೊಂಡರು. ಉಸಿರು ಬಿಡುವಷ್ಟರಲ್ಲಿ, 1995ರ ಜುಲೈ 18ರಂದು ಸೂಫ್ರಿಯೇರ್ ಬೆಟ್ಟ ಬಾಯಿಬಿಟ್ಟಿತು. ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. ಆ ಊರಿನ ಒಂದು ಫೋಟೊ ನನ್ನ ಮೇಜಿನ ಗಾಜಿನಡಿ ಇದೆ. ಕೆಂಪು ಟೆಲಿಫೋನ್ ಬೂತಿನ ತಲೆ ಮಾತ್ರ ಮೇಲೆ ಕಾಣುತ್ತದೆ.

1997ರ ಜೂನ್ 25ರಂದು ಬೆಟ್ಟದಿಂದ ನುಗ್ಗಿದ ಬಿಸಿ ಬೂದಿಗೆ 19 ಜನ ಸತ್ತರು. ಕೆಲವರು ಹೋಗಬಾರದೆಂದು ಹೇಳಿದ್ದ ಜಾಗದಲ್ಲಿ ಹೊಲದ ಕೆಲಸದಲ್ಲಿದ್ದರು. ಯಾಕೆ ಹೋದರು ಅಂತೀರಾ? ಬೆಳೆ ಅಲ್ಲಿತ್ತು. ಶಾಲೆ, ಚರ್ಚುಗಳಲ್ಲಿ ಇಕ್ಕಟ್ಟಾಗಿ ದಿನ ದೂಡುತ್ತಿದ್ದವರಿಗೆ ತಮ್ಮದು ಅಂತ ಉಳಿದಿದ್ದು ಆ ಹೊಲವೊಂದೇ ಅಲ್ವಾ?

ಅದೇ ವರ್ಷ ಬ್ರಿಟನ್ನಿನ ಸಚಿವೆ ಕ್ಲೇರ್ ಶಾರ್ಟ್, ಹೆಚ್ಚಿನ ನೆರವು ಕೇಳಿದ ದ್ವೀಪದವರ ಬಗ್ಗೆ, ಇವರು ಇನ್ನು ಚಿನ್ನದ ಆನೆ ಕೇಳುತ್ತಾರೆ ಎಂಬರ್ಥದಲ್ಲಿ ಮಾತಾಡಿದರು. ನನಗೆ ಸಿಟ್ಟು ಬರುವುದೇ ಇಲ್ಲಿ. ಊರು ಬಿಡಿ ಅನ್ನುವ ಮಾತು ಯಾವಾಗಲೂ ದೂರದ ಕುರ್ಚಿಯಿಂದ ಬರುತ್ತದೆ. ಆ ಕುರ್ಚಿಯಲ್ಲಿ ಕೂತವರಿಗೆ ತಲೆ ಎಣಿಸುವುದು ಗೊತ್ತು. ಯಾರ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದ್ದಾರೆ, ಯಾವ ಹೊಲದಲ್ಲಿ ಗೆಣಸು ಚೆನ್ನಾಗಿ ಬರುತ್ತದೆ, ಇದು ಅವರ ಫೈಲಿಗೆ ಬರುವುದಿಲ್ಲ. ಬೆಟ್ಟ ಬಾಯಿಬಿಡುವ ಮುಂಚೆ ಅಲ್ಲಿ ಹನ್ನೊಂದು ಸಾವಿರದ ಆಸುಪಾಸು ಜನ ಇದ್ದರು. ಹೆಚ್ಚಿನವರು ಹೊರಟೇಹೋದರು. ಅವರಿಗೆ ಪೂರ್ತಿ ಬ್ರಿಟಿಷ್ ಪೌರತ್ವ ಸಿಕ್ಕಿದ್ದು 2002ರಲ್ಲಿ!

ಉಳಿದವರು ಉತ್ತರದ ತುದಿಗೆ ಸರಿದು ಬ್ರೇಡ್ಸ್‌ನಲ್ಲಿ ಸರ್ಕಾರ ನಡೆಸುತ್ತಿದ್ದಾರೆ. ಹಳೇ ವಿಮಾನ ನಿಲ್ದಾಣ ಹೋಯಿತು, 2005ರಲ್ಲಿ ಹೊಸದು ಬಂತು. ಬೆಟ್ಟ ಸುರಿದ ಮರಳನ್ನೇ ಲಾರಿಗೆ ತುಂಬಿ, ಪ್ಲಿಮತ್‌ನ ಹಳೇ ಧಕ್ಕೆಯಿಂದ ಪಕ್ಕದ ದ್ವೀಪಗಳಿಗೆ ಮಾರುತ್ತಾರೆ. ಇಂಥವರಿಗೆ ಗಂಟುಮೂಟೆ ಕಟ್ಟಿ ಎಂದು ಬರೆಯಲು ನನಗಂತೂ ಕೈ ಬರುವುದಿಲ್ಲ.

— ಸಂಪಾದಕ